ಬಿಎಸ್ಸಿ ಅಗ್ರಿ ಮತ್ತು ಅಗ್ರಿಬಿಸಿನೆಸ್ ಓದು: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಫಲಿತಾಂಶ ಬಂದ ದಿನದಿಂದ ಸಿಇಟಿ ಕೌನ್ಸೆಲಿಂಗ್ ಮುಗಿಯುವ ತನಕ ಹುಡುಗ ಹುಡುಗಿಯರೂ ಅವರ ಅಪ್ಪ ಅಮ್ಮಂದಿರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳು ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಶುಲ್ಕ, ಕೊನೆಯ ದಿನಾಂಕ, ಸೀಟುಗಳ ಲೆಕ್ಕ ವರ್ಷ ವರ್ಷ ಬದಲಾಗುವುದರಿಂದ ಅವನ್ನು ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲೇ ನೋಡಿ.

ಮನೆಯಲ್ಲಿ ತಲೆತಲಾಂತರದಿಂದ ಬೇಸಾಯವಿದೆ. ಅದನ್ನೇ ಕಲಿಯಲು ನಾಲ್ಕು ವರ್ಷ ಯಾಕೆ ಬೇಕು?

ಅಲ್ಲಿ ಕಲಿಸುವುದು ಬೇಸಾಯವನ್ನಲ್ಲ, ಬೇಸಾಯದ ಹಿಂದಿನ ವಿಜ್ಞಾನವನ್ನು ಮತ್ತು ಲೆಕ್ಕವನ್ನು. ಭೂಮಿ ಹದಕ್ಕೆ ಬಂತೋ ಇಲ್ಲವೋ ಎಂದು ಅಪ್ಪ ಒಂದು ಹಿಡಿ ಮಣ್ಣು ಹಿಸುಕಿ ಹೇಳಬಲ್ಲರು. ಆ ಹದದಲ್ಲಿ ಮಣ್ಣು ಎಷ್ಟು ನೀರು ಹಿಡಿದಿದೆ, ಅದರಲ್ಲಿ ಬೇರಿಗೆ ಸಿಗುವುದೆಷ್ಟು, ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಇದು ಬೇರೆಯಾಗುವುದೇಕೆ ಎಂಬುದು ಕಾಲೇಜಿನ ಪಾಠ. ರಾಗಿಯನ್ನು ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ ಎಷ್ಟು ಗಿಡ? ಹೆಕ್ಟೇರಿನ 10,000 ಚದರ ಮೀಟರನ್ನು ಒಂದು ಗಿಡದ ಜಾಗವಾದ 0.03 ಚದರ ಮೀಟರಿನಿಂದ (0.3 × 0.1) ಭಾಗಿಸಿ: 3,33,333. ಇಂಥ ಲೆಕ್ಕ ಬಾಯಲ್ಲೇ ಬರಬೇಕು.

ಬೇಸಾಯದ ಮನೆಯಿಂದ ಬಂದವರಿಗೆ ಮೊದಲ ಸೆಮಿಸ್ಟರಿನಲ್ಲಿ ಅನುಕೂಲ ಇದ್ದೇ ಇದೆ. ಬೆಳೆ, ಕಳೆ, ಸಲಕರಣೆ ಎಲ್ಲ ಗೊತ್ತಿರುತ್ತದೆ. ತಳಿಶಾಸ್ತ್ರ, ಸಂಖ್ಯಾಶಾಸ್ತ್ರ, ಜೀವರಸಾಯನ ಶುರುವಾದಾಗ ಆ ಅನುಕೂಲ ಮುಗಿಯುತ್ತದೆ. ಪೇಟೆಯ ಮಕ್ಕಳಿಗೆ ಕಷ್ಟವಾಗುವುದು ಇದಕ್ಕೆ ತದ್ವಿರುದ್ಧ ಕ್ರಮದಲ್ಲಿ.

ಯಾವ ವಿಶ್ವವಿದ್ಯಾಲಯ, ಯಾವ ಪದವಿ?

ಬೆಂಗಳೂರಿನ ಜಿಕೆವಿಕೆ (ಗಾಂಧಿ ಕೃಷಿ ವಿಜ್ಞಾನ ಕೇಂದ್ರ) 1964ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯದ ಕೇಂದ್ರ. ಧಾರವಾಡ 1986ರಲ್ಲಿ ಬೇರೆಯಾಯಿತು. ಆಮೇಲೆ ರಾಯಚೂರು, ಶಿವಮೊಗ್ಗದ ಕೆಳದಿ ಶಿವಪ್ಪನಾಯಕ ವಿಶ್ವವಿದ್ಯಾಲಯ, ತೋಟಗಾರಿಕೆಗೆ ಬಾಗಲಕೋಟೆ, ಪಶುವೈದ್ಯ ಮತ್ತು ಮೀನುಗಾರಿಕೆಗೆ ಬೀದರ್ ಬಂದವು. ಮಂಡ್ಯದ ವಿ.ಸಿ. ಫಾರ್ಮ್, ಹಾಸನದ ಕಾರೇಕೆರೆ, ವಿಜಯಪುರ, ಹನುಮನಮಟ್ಟಿ, ಭೀಮರಾಯನಗುಡಿ, ಕಲಬುರಗಿ ಕೃಷಿ ಕಾಲೇಜುಗಳಿರುವ ಊರುಗಳು.

ಬಿಎಸ್ಸಿ (ಆನರ್ಸ್) ಕೃಷಿಯ ಹೆಸರು ಎಲ್ಲರಿಗೂ ಗೊತ್ತು. ಅದರ ಜೊತೆಗೆ ತೋಟಗಾರಿಕೆ, ಶಿರಸಿ ಮತ್ತು ಪೊನ್ನಂಪೇಟೆಯಲ್ಲಿ ಅರಣ್ಯ, ಚಿಂತಾಮಣಿಯಲ್ಲಿ ರೇಷ್ಮೆ, ಧಾರವಾಡದಲ್ಲಿ ಸಮುದಾಯ ವಿಜ್ಞಾನ, ಕೃಷಿ ಎಂಜಿನಿಯರಿಂಗ್ ಮತ್ತು ಆಹಾರ ತಂತ್ರಜ್ಞಾನದ ಬಿಟೆಕ್, ಮಾರುಕಟ್ಟೆ ಮತ್ತು ವ್ಯವಹಾರದ ಕಡೆಯ ಅಗ್ರಿಬಿಸಿನೆಸ್ ಪದವಿ ಇವೆ. ಬಿಟೆಕ್ ಕೃಷಿ ಎಂಜಿನಿಯರಿಂಗಿಗೆ ಗಣಿತ ಕಡ್ಡಾಯ. ಬಿಎಸ್ಸಿ ಕೃಷಿಗೆ ಜೀವಶಾಸ್ತ್ರ ಕಡ್ಡಾಯ. ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡವರಿಗೆ ಎರಡೂ ಬಾಗಿಲು ತೆರೆದಿರುತ್ತವೆ.

ಕೃಷಿಕರ ಕೋಟಾ ಎಂದರೇನು? ಅದರಲ್ಲಿ ಎಲ್ಲಿ ಎಡವುತ್ತಾರೆ?

ರೈತರ ಮಕ್ಕಳಿಗೆ ಇರುವ ಮೀಸಲು ಇದು. ಮೊದಲು ಶೇ. 40 ಇತ್ತು, ಶೇ. 50ಕ್ಕೆ ಏರಿಸುವ ತೀರ್ಮಾನ 2021ರಲ್ಲಿ ಹೊರಬಿತ್ತು. ದಾಟಬೇಕಾದ ಮೆಟ್ಟಿಲು ಎರಡು: ಒಂದು ಕಾಗದ, ಇನ್ನೊಂದು ಕಣ್ಣು.

ಕಾಗದ ಎಂದರೆ ನಾಡಕಚೇರಿಯಿಂದ ಬರುವ ವ್ಯವಸಾಯಗಾರರ ಕುಟುಂಬದ ಪ್ರಮಾಣಪತ್ರ ಮತ್ತು ಕೆಇಎ ಕೇಳುವ ಉಳಿದ ದಾಖಲೆಗಳು. ಹೆಚ್ಚಿನವರು ಎಡವುವುದು ಪಹಣಿಯಲ್ಲಿ. ಜಮೀನು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿರುತ್ತದೆ, ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರುವುದಿಲ್ಲ, ದಾಯಾದಿಗಳ ನಡುವೆ ಪಾಲೂ ಆಗಿರುವುದಿಲ್ಲ. ಸಿಇಟಿ ಅರ್ಜಿ ಬಿಟ್ಟ ವಾರದಲ್ಲಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಮಗ ಅಥವಾ ಮಗಳು ಪ್ರಥಮ ಪಿಯುಸಿಯಲ್ಲಿ ಇರುವಾಗಲೇ ಪಹಣಿ ತೆಗೆಸಿ ಹೆಸರು ನೋಡಿಕೊಳ್ಳಿ. ಆಧಾರ್, ಅಂಕಪಟ್ಟಿ, ಪಹಣಿಗಳಲ್ಲಿ ಅಪ್ಪನ ಹೆಸರು ಮೂರು ಥರ ಇದ್ದರೆ ಅದೂ ತೊಡಕೇ. ಕೋಟಾ ಬೇಕೆಂದು ಸಿಇಟಿ ಅರ್ಜಿಯಲ್ಲೇ ಗುರುತು ಹಾಕಬೇಕು. ಆಮೇಲೆ ಕೌನ್ಸೆಲಿಂಗಿನಲ್ಲಿ ಹೇಳಿದರೆ ಕೇಳುವವರಿಲ್ಲ.

ಕಣ್ಣು ಎಂದರೆ ಕೃಷಿ ಪ್ರಾಯೋಗಿಕ ಪರೀಕ್ಷೆ. ಬೀಜ, ಗೊಬ್ಬರ, ಸಲಕರಣೆ, ಗಿಡ, ಕೀಟ ಇಟ್ಟಿರುತ್ತಾರೆ, ಗುರುತಿಸಬೇಕು. ರಾಗಿ, ಜೋಳ ಯಾರಿಗೂ ತಪ್ಪುವುದಿಲ್ಲ. ನವಣೆ, ಸಾಮೆ, ಹಾರಕ, ಬರಗು, ಊದಲು ಐದೂ ತಟ್ಟೆ ಪಕ್ಕಪಕ್ಕ ಇದ್ದರೆ ತಲೆ ಕೆಡುತ್ತದೆ. ಮನೆಯಲ್ಲಿ ಐದು ಡಬ್ಬಿಯಲ್ಲಿಟ್ಟು ದಿನಾ ನೋಡಿ. ಸಲಕರಣೆಯಲ್ಲಿ ಹಲುಬೆಗೆ ಹಲ್ಲು, ಕುಂಟೆಗೆ ಅಲಗು ಎಂದು ನೆನಪಿಟ್ಟರೆ ಸಾಕು. ಭತ್ತದ ಪೈರಿನ ನಡುವೆ ನಿಂತ ಊದಲು ಜಾತಿಯ ಕಳೆಯನ್ನು ಗುರುತಿಸಲು ಎಲೆಯ ಬುಡ ಬಿಡಿಸಿ ನೋಡಿ: ಭತ್ತಕ್ಕೆ ಎಲೆ ಕಾಂಡ ಸೇರುವಲ್ಲಿ ಬಿಳಿ ತೆಳು ಪೊರೆ ಮತ್ತು ಕಿವಿಯಂಥ ಚಿಕ್ಕ ಅಂಚು ಇರುತ್ತದೆ, ಆ ಕಳೆಗೆ ಇರುವುದಿಲ್ಲ. ಜಮೀನು ಇರುವ ಮನೆಯವರೇ ಆದರೂ ಗದ್ದೆಗೆ ಇಳಿಯದ ಮಕ್ಕಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಪರೀಕ್ಷೆ ಇಟ್ಟಿರುವುದೇ ಅದಕ್ಕೆ ಅನ್ನಿ.

ನಾವು ಕಾಸರಗೋಡಿನವರು / ಸೊಲ್ಲಾಪುರದವರು. ಕರ್ನಾಟಕದ ಸೀಟು ಸಿಗುತ್ತದೆಯೇ?

ಗಡಿನಾಡು ಮತ್ತು ಹೊರನಾಡು ಕನ್ನಡಿಗರಿಗೆ ಸಿಇಟಿಯಲ್ಲಿ ದಾರಿಯಿದೆ. ಇದಕ್ಕಾಗಿ 50 ಅಂಕದ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ಅಂಕ ತೆಗೆಯಬೇಕು. ಪರೀಕ್ಷೆ ಸುಲಭ, ಅದರ ದಿನವನ್ನೇ ಮರೆತು ಹಕ್ಕು ಕಳೆದುಕೊಳ್ಳಬೇಡಿ.

ಸಿಇಟಿ ಬಿಟ್ಟು ಬೇರೆ ದಾರಿ?

ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಎಂದರೆ ಐಸಿಎಆರ್, ದೇಶದ ಕೃಷಿ ವಿಶ್ವವಿದ್ಯಾಲಯಗಳ ಒಂದು ಪಾಲು ಸೀಟನ್ನು ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕದ ಮೇಲೆ ತುಂಬುತ್ತದೆ. ಪದವಿ ಮಟ್ಟದಲ್ಲಿ ಈ ಪಾಲು ಶೇ. 20. ಹೊರರಾಜ್ಯದಲ್ಲಿ ಓದಲು ಸಿದ್ಧರಿದ್ದರೆ ಇದು ಒಳ್ಳೆಯ ಅವಕಾಶ. ನಮ್ಮ ಮಕ್ಕಳಲ್ಲಿ ಇದರ ಅರ್ಜಿ ಹಾಕುವವರೇ ಕಡಿಮೆ.

ಖಾಸಗಿ ಕಾಲೇಜು ಸೇರಬಹುದೇ?

ಸೇರುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ಪದವಿಗೆ ಐಸಿಎಆರ್ ಮಾನ್ಯತೆ ಇದೆಯೇ, ಯಾವ ವರ್ಷದವರೆಗೆ? ಯುಜಿಸಿ ಒಪ್ಪಿಗೆ ಬೇರೆ, ಇದು ಬೇರೆ. ಮಾನ್ಯತೆ ಇಲ್ಲದ ಪದವಿ ಇಟ್ಟುಕೊಂಡು ಮುಂದೆ ಎಂಎಸ್ಸಿ ಸೀಟಿಗೋ ಸರಕಾರಿ ಹುದ್ದೆಗೋ ಹೋದಾಗ ಅರ್ಹತೆಯ ಕಾಲಂನಲ್ಲೇ ಅರ್ಜಿ ನಿಂತುಬಿಡಬಹುದು. ಜೊತೆಗೆ ಕಾಲೇಜಿಗೆ ಸ್ವಂತ ಜಮೀನು ಎಷ್ಟಿದೆ, ಅದರಲ್ಲಿ ಈಗ ಯಾವ ಬೆಳೆ ನಿಂತಿದೆ ಎಂದು ಹೋಗಿ ನೋಡಿ. ಕಟ್ಟಡದ ಫೋಟೋ ತೋರಿಸಿ ಹೊಲ ತೋರಿಸದ ಕಾಲೇಜು ಕೃಷಿ ಕಾಲೇಜಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕಷ್ಟವೇ?

ಪಾಠ, ಪರೀಕ್ಷೆ ಎರಡೂ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ತಿಣುಕಬೇಕಾಗುತ್ತದೆ. ಲ್ಯಾಟಿನ್ ಹೆಸರುಗಳು ಮಾತ್ರ ಎಲ್ಲರಿಗೂ ಹೊಸವೇ, ಅಲ್ಲಿ ಇಂಗ್ಲಿಷ್ ಮಾಧ್ಯಮದವರೂ ನಿಮ್ಮ ಸಾಲಿನಲ್ಲೇ ಕೂತಿರುತ್ತಾರೆ. ಒಂದು ಉಪಾಯ: ಪ್ರತಿ ಹೊಸ ಪದದ ಎದುರು ಊರಲ್ಲಿ ಅದಕ್ಕೆ ಏನನ್ನುತ್ತಾರೆ ಎಂದು ಬರೆದಿಡಿ. ನಾಲ್ಕನೇ ವರ್ಷ ಹಳ್ಳಿಗೆ ಹೋದಾಗ ಆ ಪುಸ್ತಕ ಉಪಯೋಗಕ್ಕೆ ಬರುತ್ತದೆ. ಇಂಗ್ಲಿಷಿನಲ್ಲಷ್ಟೇ ಕಲಿತವರು ರೈತರ ಮುಂದೆ ತಡವರಿಸುತ್ತಾರೆ. ಎಸ್ಸೆಸ್ಸೆಲ್ಸಿ ಮುಗಿಸಿ ಕನ್ನಡದಲ್ಲೇ ಓದಬೇಕೆಂದರೆ ಕೃಷಿ ವಿಶ್ವವಿದ್ಯಾಲಯಗಳ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ.

ಪ್ರಾಯೋಗಿಕ ತರಗತಿಗಳಲ್ಲಿ ಏನು ಮಾಡಿಸುತ್ತಾರೆ? ಅಂಕ ಹೋಗುವುದು ಎಲ್ಲಿ?

ವಿಷಯದ ಮುಂದೆ 2+1 ಎಂದು ಬರೆದಿದ್ದರೆ ವಾರಕ್ಕೆ ಎರಡು ಗಂಟೆ ಪಾಠ, ಒಂದು ಪ್ರಾಯೋಗಿಕ ಕ್ರೆಡಿಟ್ ಎಂದರ್ಥ. ಪ್ರಾಯೋಗಿಕದ ಒಂದು ಕ್ರೆಡಿಟ್ಟಿಗೆ ಎರಡು ಗಂಟೆ ಕೆಲಸ. ಹೀಗಾಗಿ ವಾರದ ಬಹಳಷ್ಟು ಹೊತ್ತು ಹೊಲ ಮತ್ತು ಲ್ಯಾಬಿನಲ್ಲೇ.

ಕೀಟಶಾಸ್ತ್ರದ ಪೆಟ್ಟಿಗೆ ಎಲ್ಲರಿಗೂ ನೆನಪಿರುವಂಥದ್ದು. ಹುಳ ಹಿಡಿದು, ಈಥೈಲ್ ಅಸಿಟೇಟ್ ಹಾಕಿದ ಬಾಟಲಿಯಲ್ಲಿ ಕೊಂದು, ಸೂಜಿ ಚುಚ್ಚಿ, ಚೀಟಿ ಅಂಟಿಸಿ ಕೊಡಬೇಕು. ಜೀರುಂಡೆಗೆ ಸೂಜಿ ಬಲ ರೆಕ್ಕೆಕವಚದ ಮೇಲೆ, ತಿಗಣೆ ಜಾತಿಗೆ ಬೆನ್ನಿನ ತ್ರಿಕೋನದ ಮೇಲೆ, ಚಿಟ್ಟೆ ಪತಂಗಕ್ಕೆ ಎದೆಯ ನಡುವೆ. ಚಿಟ್ಟೆಯ ಮುಂದಿನ ರೆಕ್ಕೆಯ ಹಿಂಬದಿ ಅಂಚು ಮೈಗೆ ಲಂಬವಾಗಿ ನಿಲ್ಲುವಂತೆ ಹಲಗೆಯ ಮೇಲೆ ಹರಡಿ ಒಣಗಿಸಬೇಕು. ಪೆಟ್ಟಿಗೆ ಹಾಳಾಗುವುದು ಮೂರು ಕಾರಣಕ್ಕೆ. ಬಾಟಲಿ ಒದ್ದೆಯಾಗಿದ್ದರೆ ಚಿಟ್ಟೆಯ ಹುಡಿ ಉದುರಿ ರೆಕ್ಕೆ ಬೋಳಾಗುತ್ತದೆ. ಒಣಗುವ ಮುಂಚೆ ಮುಚ್ಚಿಟ್ಟರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಶಿವಮೊಗ್ಗ, ಶಿರಸಿ ಕಡೆಯವರು ಇದನ್ನು ಖಂಡಿತ ನೋಡುತ್ತಾರೆ. ನುಸಿಗುಳಿಗೆ ಇಡದಿದ್ದರೆ ಇರುವೆ ಬಂದು ಸೂಜಿಯನ್ನಷ್ಟೇ ಬಿಟ್ಟುಹೋಗುತ್ತದೆ. ಚೀಟಿಯಲ್ಲಿ ಊರು, ದಿನಾಂಕ, ಯಾವ ಗಿಡದ ಮೇಲೆ ಸಿಕ್ಕಿತು, ಹಿಡಿದವರ ಹೆಸರು ಇಲ್ಲದಿದ್ದರೆ ಹುಳ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬೆಲೆಯಿಲ್ಲ.

ಮಣ್ಣಿನ ಮಾದರಿಯಲ್ಲಿ ತಪ್ಪಾಗುವುದು ಲ್ಯಾಬಿನಲ್ಲಿ ಅಲ್ಲ, ಹೊಲದಲ್ಲಿ. ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ 15 ಸೆಂ.ಮೀ. ಆಳದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಪದರ ಕೆರೆಯಬೇಕು. ಎಲ್ಲ ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಡುತ್ತ ಅರ್ಧ ಕಿಲೋಗೆ ಇಳಿಸಬೇಕು. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗದಿಂದ ತೆಗೆಯಬಾರದು. ಖಾಲಿ ಗೊಬ್ಬರದ ಚೀಲದಲ್ಲಿ ತಂದ ಮಣ್ಣು ಪರೀಕ್ಷೆಗೆ ನಾಲಾಯಕ್ಕು. ನೆರಳಲ್ಲಿ ಒಣಗಿಸಿ 2 ಮಿ.ಮೀ. ಜರಡಿ ಹಿಡಿದು, ರಸಸಾರ ನೋಡಲು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು.

ಗೊಬ್ಬರದ ಲೆಕ್ಕ ಪರೀಕ್ಷೆಯಲ್ಲೂ ಸಂದರ್ಶನದಲ್ಲೂ ಬರುತ್ತದೆ. ಹೆಕ್ಟೇರಿಗೆ ಸಾರಜನಕ, ರಂಜಕ, ಪೊಟ್ಯಾಷ್ 100:50:50 ಕಿಲೋ ಕೊಡಬೇಕು, ಕೈಯಲ್ಲಿ ಯೂರಿಯಾ, ಡಿಎಪಿ, ಎಂಒಪಿ ಇದೆ ಎನ್ನಿ. ಶುರು ಮಾಡಬೇಕಾದ್ದು ರಂಜಕದಿಂದ. ಡಿಎಪಿಯಲ್ಲಿ ರಂಜಕ ಶೇ. 46, ಆದ್ದರಿಂದ 50 ಭಾಗಿಸು 0.46, ಸುಮಾರು 109 ಕಿಲೋ. ಆ ಡಿಎಪಿಯ ಜೊತೆ ಶೇ. 18ರಂತೆ 19.6 ಕಿಲೋ ಸಾರಜನಕವೂ ಬಂದಿರುತ್ತದೆ. ಉಳಿದ 80.4 ಕಿಲೋಗೆ ಶೇ. 46ರ ಯೂರಿಯಾ 175 ಕಿಲೋ. ಪೊಟ್ಯಾಷಿಗೆ ಶೇ. 60ರ ಎಂಒಪಿ 83 ಕಿಲೋ. ಡಿಎಪಿಯ ಸಾರಜನಕ ಕಳೆಯುವುದನ್ನು ಮರೆತವರು 217 ಕಿಲೋ ಯೂರಿಯಾ ಬರೆಯುತ್ತಾರೆ: 42 ಕಿಲೋ ಹೆಚ್ಚು, ಹತ್ತಿರ ಹತ್ತಿರ ಒಂದು ಚೀಲ. ಎಕರೆಗೆ ಬೇಕಾದರೆ 2.47ರಿಂದ ಭಾಗಿಸಿ; ಎರಡೂವರೆ ಎಂದು ಅಂದಾಜು ಮಾಡಿದರೆ ಅಂಥ ನಷ್ಟವೇನಿಲ್ಲ, ಗುಣಿಸಿದರೆ ಮಾತ್ರ ಕೆಟ್ಟಿತು.

ನಾಲ್ಕನೇ ವರ್ಷ ಹಳ್ಳಿಯಲ್ಲಿ ಇರಬೇಕಂತೆ, ಹೌದೇ?

ಹೌದು, ಅದೇ ಗ್ರಾಮೀಣ ಕೃಷಿ ಕಾರ್ಯಾನುಭವ, ಎಲ್ಲರ ಬಾಯಲ್ಲಿ ರಾವೆ. ಕೃಷಿ ಪದವಿಗಳ ಪಠ್ಯಕ್ರಮ ರೂಪಿಸುವುದು ಐಸಿಎಆರ್ ನೇಮಿಸುವ ಡೀನ್‌ಗಳ ಸಮಿತಿ; ಐದನೇ ಸಮಿತಿಯ ಪಠ್ಯಕ್ರಮದಲ್ಲಿ ಇದು 20 ವಾರ ಇತ್ತು: ಸಿದ್ಧತೆಗೆ ಒಂದು, ಹಳ್ಳಿಯಲ್ಲಿ ಎಂಟು, ಸಂಶೋಧನಾ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರದಲ್ಲಿ (ಕೆವಿಕೆ) ಐದು, ಸಸ್ಯ ಚಿಕಿತ್ಸಾಲಯದಲ್ಲಿ ಎರಡು, ಕೃಷಿ ಉದ್ಯಮದಲ್ಲಿ ಮೂರು, ವರದಿಗೆ ಒಂದು ವಾರ.

ತಂಡವಾಗಿ ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕೆಲಸ ಮಾಡುವುದು. ಬೀಜೋಪಚಾರ, ಮಣ್ಣಿನ ಮಾದರಿ, ಅಜೋಲ್ಲಾ ತೊಟ್ಟಿ ಎಲ್ಲ ಮಾಡಿ ತೋರಿಸಬೇಕು. ಪದ್ಧತಿ ಪ್ರದರ್ಶನ ಇಟ್ಟ ದಿನ ಜನ ಬರದಿದ್ದರೆ ತಪ್ಪು ಸಾಮಾನ್ಯವಾಗಿ ಹೊತ್ತಿನದು. ಬೆಳಿಗ್ಗೆ ಹತ್ತಕ್ಕೆ ಯಾರೂ ಮನೆಯಲ್ಲಿರುವುದಿಲ್ಲ. ಹಾಲು ಹಾಕಲು ಡೇರಿಗೆ ಬರುವ ಸಂಜೆಯ ಹೊತ್ತಿಗೆ ಡೇರಿಯ ಮುಂದೆಯೇ ಇಟ್ಟುಕೊಳ್ಳಿ.

ಬಿಎಸ್ಸಿ ಕೃಷಿ ಒಳ್ಳೆಯದೋ ಅಗ್ರಿಬಿಸಿನೆಸ್ ಒಳ್ಳೆಯದೋ?

ಬೆಳೆಗೆ ರೋಗ ಬಂದದ್ದು ಏಕೆ ಎಂಬ ಪ್ರಶ್ನೆ ನಿಮ್ಮನ್ನು ಕಾಡಿದರೆ ಕೃಷಿ. ಬೆಲೆ ಬಿದ್ದದ್ದು ಏಕೆ ಎಂಬ ಪ್ರಶ್ನೆ ಕಾಡಿದರೆ ಅಗ್ರಿಬಿಸಿನೆಸ್. ಸರಕಾರಿ ಕೆಲಸವೇ ಗುರಿಯಾದರೆ ಕೃಷಿ ಪದವಿಯ ಬಾಗಿಲು ಅಗಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೃಷಿ ಪದವಿ ಮುಗಿಸಿ ಎಂಬಿಎಗೆ ಹೋಗುವುದು ಸುಲಭ, ಅಗ್ರಿಬಿಸಿನೆಸ್ ಓದಿ ಸಸ್ಯರೋಗಶಾಸ್ತ್ರದ ಎಂಎಸ್ಸಿಗೆ ಹೋಗುವುದು ಸುಲಭವಲ್ಲ.

ಅಗ್ರಿಬಿಸಿನೆಸ್‌ನಲ್ಲಿ ಎಂಥ ಲೆಕ್ಕ ಬರುತ್ತದೆ?

ಕೂಡು, ಕಳೆ, ಭಾಗಿಸುಗಳೇ. ಕಷ್ಟವಿರುವುದು ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬಲ್ಲಿ. ಕೋಲಾರದ ಟೊಮೆಟೊ ತೆಗೆದುಕೊಳ್ಳಿ. ಉದಾಹರಣೆಗೆ 15 ಕಿಲೋ ಬಾಕ್ಸ್ ಹರಾಜಿನಲ್ಲಿ 300 ರೂಪಾಯಿಗೆ ಹೋಯಿತು, ಕಿಲೋಗೆ 20. ಗ್ರಾಹಕ ಅಂಗಡಿಯಲ್ಲಿ ಕೊಟ್ಟದ್ದು 36. ರೈತನ ಪಾಲು 20 ಭಾಗಿಸು 36, ಶೇ. 55.6 ಎಂದು ಬರೆದರೆ ತಪ್ಪು. ಸಾಗಣೆ, ಹಮಾಲಿ ಎಂದು ಬಾಕ್ಸಿಗೆ 30 ರೂಪಾಯಿ ರೈತನ ಕೈಯಿಂದ ಹೋಗಿದ್ದರೆ ಅವನಿಗೆ ಉಳಿದದ್ದು ಕಿಲೋಗೆ 18, ಪಾಲು ಶೇ. 50. ಅಂಗಡಿಯವನು 16 ರೂಪಾಯಿ ಹೊಡೆದ ಎನ್ನುವುದೂ ತಪ್ಪು. 100 ಕಿಲೋದಲ್ಲಿ 10 ಕಿಲೋ ಕೊಳೆತರೆ ಅವನು ಮಾರಿದ್ದು 90 ಕಿಲೋ, ಬಂದದ್ದು 3,240. ಕೊಂಡ ಪ್ರತಿ ಕಿಲೋಗೆ 32.40, ಅಂದರೆ ಅಂತರ 12.40. ಅದರಲ್ಲಿ ಬಾಡಿಗೆ, ಕೂಲಿ ಎಲ್ಲ ಹೋಗಬೇಕು. ಮಧ್ಯವರ್ತಿಯನ್ನು ಬೈಯುವ ಮುಂಚೆ ಈ ಲೆಕ್ಕ ಹಾಕಲು ಕಲಿಸುವುದು ಈ ಪದವಿಯ ನಿಜವಾದ ಪ್ರಯೋಜನ.

ಸಾಗುವಳಿ ವೆಚ್ಚದ ಮೂರು ಅಳತೆಗಳನ್ನು ಚೆನ್ನಾಗಿ ತಿಳಿದುಕೊಳ್ಳಿ: ಒಂದು, ರೈತನ ಕೈಯಿಂದ ಹೋದ ಖರ್ಚು, ಅಂದರೆ ಎ2; ಎರಡು, ಎ2 ಜೊತೆ ಕುಟುಂಬದ ದುಡಿಮೆಯ ಬೆಲೆ; ಮೂರು, ಸಿ2. ಕೇಂದ್ರ ಸರಕಾರ ಬೆಂಬಲ ಬೆಲೆಯನ್ನು ವೆಚ್ಚದ ಒಂದೂವರೆ ಪಟ್ಟು ಎನ್ನುವುದು ಎರಡನೆಯದರ ಮೇಲೆ. ರೈತ ಸಂಘಟನೆಗಳು ಕೇಳುವುದು ಸ್ವಂತ ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿ ಸೇರಿದ ಸಿ2 ಮೇಲೆ. ಜಗಳ ಇರುವುದೆಲ್ಲ ಈ ಎರಡರ ನಡುವಿನ ಅಂತರದಲ್ಲಿ.

ಎಂಬಿಎ ಎಲ್ಲಿ ಮಾಡಬಹುದು?

ಬೆಂಗಳೂರು ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಅಗ್ರಿಬಿಸಿನೆಸ್ ಎಂಬಿಎ ಇದೆ. ಹೊರಗೆ ಹೈದರಾಬಾದಿನ ಮ್ಯಾನೇಜ್, ಅಹಮದಾಬಾದ್ ಮತ್ತು ಲಖನೌ ಐಐಎಂಗಳ ಆಹಾರ ಮತ್ತು ಕೃಷಿ ವ್ಯವಹಾರದ ಕೋರ್ಸುಗಳು, ಗುಜರಾತಿನ ಆನಂದ್ ಊರಿನ ಇರ್ಮಾ, ಜೈಪುರದ ನಿಯಾಮ್ ಸಂಸ್ಥೆಗಳಿವೆ. ಕಾಫಿ, ಚಹಾ, ರಬ್ಬರಿನ ಕಡೆ ಒಲವಿದ್ದರೆ ಬೆಂಗಳೂರಿನಲ್ಲೇ ಪ್ಲಾಂಟೇಶನ್ ಮ್ಯಾನೇಜ್‌ಮೆಂಟ್ ಸಂಸ್ಥೆ ಇದೆ. ಐಐಎಂ, ಮ್ಯಾನೇಜ್‌ಗಳಿಗೆ ಕ್ಯಾಟ್ ಬರೆಯಬೇಕು. ಮೂರನೇ ವರ್ಷದ ರಜೆಯಲ್ಲೇ ತಯಾರಿ ಶುರು ಮಾಡಿ, ರಾವೆ ನಡುವೆ ಪುಸ್ತಕ ತೆರೆಯಲು ಹೊತ್ತು ಸಿಗುವುದಿಲ್ಲ.

ಕೆಲಸ ಯಾವುದು ಸಿಗುತ್ತದೆ?

ಕೆಪಿಎಸ್‌ಸಿ ಮೂಲಕ ಕೃಷಿ ಅಧಿಕಾರಿ, ಸಹಾಯಕ ಕೃಷಿ ಅಧಿಕಾರಿ. 2024ರಲ್ಲಿ 128 ಮತ್ತು 817, ಒಟ್ಟು 945 ಹುದ್ದೆಗೆ ಅಧಿಸೂಚನೆ ಬಂತು. ಇಂಥದ್ದು ಪ್ರತಿ ವರ್ಷ ಬರುವುದಿಲ್ಲ. ಇದೊಂದನ್ನೇ ನಂಬಿ ಕೋಣೆ ಬಾಡಿಗೆ ಹಿಡಿದು ವರ್ಷಗಟ್ಟಲೆ ಕೂರುವುದು ಅಪಾಯ. ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ಐಬಿಪಿಎಸ್ ಪರೀಕ್ಷೆ ಹೆಚ್ಚು ನಿಯಮಿತ. ಅದರ ಅರ್ಹತೆಯ ಪಟ್ಟಿ ಉದ್ದವಿದೆ: ತೋಟಗಾರಿಕೆ, ಅರಣ್ಯ, ರೇಷ್ಮೆ, ಅಗ್ರಿಬಿಸಿನೆಸ್, ಆಹಾರ ತಂತ್ರಜ್ಞಾನ ಎಲ್ಲ ಸೇರಿವೆ. ನಬಾರ್ಡ್, ಭಾರತೀಯ ಅರಣ್ಯ ಸೇವೆಗಳೂ ಇವೆ.

ಬೀಜ, ಗೊಬ್ಬರ, ಕೀಟನಾಶಕ ಕಂಪನಿಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಅದು ಬೈಕಿನ ಮೇಲಿನ ಕೆಲಸ, ತಿಂಗಳ ಗುರಿ ಇರುತ್ತದೆ. ಮಾರಿದ ಮಾಲಿನ ದುಡ್ಡು ಅಂಗಡಿಗಳಿಂದ ವಸೂಲು ಮಾಡುವುದೂ ನಿಮ್ಮ ಕೆಲಸವೇ ಎಂದು ಸಂದರ್ಶನದಲ್ಲಿ ಹೇಳುವುದಿಲ್ಲ, ಕೇಳಿಕೊಳ್ಳಿ.

ರೈತ ಉತ್ಪಾದಕ ಕಂಪನಿಗಳ ಸಿಇಒ ಕೆಲಸ ಇನ್ನೊಂದು. 2020ರ ಕೇಂದ್ರ ಯೋಜನೆಯಲ್ಲಿ ಬಯಲುಸೀಮೆಯ ಕಂಪನಿಗೆ ಕನಿಷ್ಠ 300 ಸದಸ್ಯರು ಬೇಕು, ಮೂರು ವರ್ಷಕ್ಕೆ 18 ಲಕ್ಷದವರೆಗೆ ನಿರ್ವಹಣೆಯ ನೆರವು, ಸಿಇಒ ಸಂಬಳಕ್ಕೆ ತಿಂಗಳಿಗೆ 25,000ದವರೆಗೆ. ನೆರವು ಮುಗಿದ ಮೇಲೆ ಸಂಬಳ ಕಂಪನಿಯ ವಹಿವಾಟಿನಿಂದ ಬರಬೇಕು. ಬರೀ ಗೊಬ್ಬರ ಮಾರುವ ಕಂಪನಿಗೆ ಅದು ಕಷ್ಟ, ಸದಸ್ಯರ ಬೆಳೆಯನ್ನು ಕೊಂಡು ಮಾರುವ ಕಂಪನಿ ಹುಡುಕಿ.

ಸ್ವಂತ ಅಂಗಡಿ ಅಥವಾ ನರ್ಸರಿ ಹಾಕಬೇಕು. ನೆರವು ಇದೆಯೇ?

ಅಗ್ರಿ ಕ್ಲಿನಿಕ್ ಮತ್ತು ಅಗ್ರಿಬಿಸಿನೆಸ್ ಕೇಂದ್ರ ಯೋಜನೆ 2002ರಿಂದ ಇದೆ. 45 ದಿನದ ಉಚಿತ ತರಬೇತಿ ಆದ ಮೇಲೆ ಒಬ್ಬರಿಗೆ 20 ಲಕ್ಷದವರೆಗಿನ, ಗುಂಪಿಗೆ ಒಂದು ಕೋಟಿಯವರೆಗಿನ ಯೋಜನೆಗೆ ಬ್ಯಾಂಕ್ ಸಾಲ ಪಡೆಯಬಹುದು. ಸಹಾಯಧನ ಸಾಮಾನ್ಯರಿಗೆ ಶೇ. 36, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ. 44. ಸಹಾಯಧನ ಕೈಗೆ ಬರುವುದಿಲ್ಲ, ಸಾಲದ ಖಾತೆಗೆ ಕೊನೆಯಲ್ಲಿ ಹೊಂದುತ್ತದೆ. ಅಲ್ಲಿಯ ತನಕ ಕಂತು ಕಟ್ಟುವ ಶಕ್ತಿ ವ್ಯವಹಾರಕ್ಕೇ ಇರಬೇಕು. ಬ್ಯಾಂಕ್ ತಿರಸ್ಕರಿಸುವ ವರದಿಗಳಲ್ಲಿ ಸಾಮಾನ್ಯ ದೋಷ ಒಂದೇ: ಮೊದಲ ತಿಂಗಳಿಂದಲೇ ಪೂರ್ತಿ ಮಾರಾಟ ತೋರಿಸಿರುತ್ತಾರೆ. ಮಾವಿನ ಕಸಿ ಗಿಡ ಮಾರಾಟಕ್ಕೆ ಬರುವ ಹೊತ್ತಿಗೆ ವರ್ಷವೇ ಕಳೆದಿರುತ್ತದೆ, ಅಷ್ಟು ದಿನದ ದುಡಿಯುವ ಬಂಡವಾಳವನ್ನು ವರದಿಯಲ್ಲಿ ಬರೆಯಿರಿ.

ಒಂದು ವರ್ಷ ಓದಿ ಬಿಟ್ಟರೆ ಸರ್ಟಿಫಿಕೇಟ್ ಕೊಡುತ್ತಾರಂತೆ?

ಐದನೆಯದರ ನಂತರ ಬಂದ ಆರನೇ ಡೀನ್‌ಗಳ ಸಮಿತಿಯ ಪಠ್ಯಕ್ರಮದಲ್ಲಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಇದೆ, ಎರಡಕ್ಕೂ 10 ವಾರದ ಇಂಟರ್ನ್‌ಶಿಪ್ ಮಾಡಬೇಕು. ಮೇಲೆ ಹೇಳಿದ ಅಧಿಕಾರಿ ಹುದ್ದೆಗಳಿಗೆಲ್ಲ ಕೇಳುವುದು ಪೂರ್ತಿ ಪದವಿಯನ್ನೇ. ಮನೆಯಲ್ಲಿ ತೀರಾ ಅನಿವಾರ್ಯವಾದರೆ ಮಾತ್ರ ಈ ದಾರಿ.

ಸೇರುವ ಮುಂಚೆ ಏನು ಮಾಡಬೇಕು?

ಧಾರವಾಡದಲ್ಲಿ ಸೆಪ್ಟೆಂಬರಿನಲ್ಲಿ, ಜಿಕೆವಿಕೆಯಲ್ಲಿ ನವೆಂಬರಿನಲ್ಲಿ ಸಾಮಾನ್ಯವಾಗಿ ಕೃಷಿಮೇಳ ನಡೆಯುತ್ತದೆ. ದ್ವಿತೀಯ ಪಿಯುಸಿಯಲ್ಲಿರುವಾಗ ಒಂದಕ್ಕೆ ಹೋಗಿ ಬನ್ನಿ. ಮಳಿಗೆಗಳ ನೂಕುನುಗ್ಗಲು ಬಿಟ್ಟು ಪ್ರಾತ್ಯಕ್ಷಿಕೆ ತಾಕುಗಳ ಕಡೆ ನಡೆಯಿರಿ. ಅಲ್ಲಿ ನಿಂತು ವಿವರಿಸುವ ವಿದ್ಯಾರ್ಥಿಗಳಲ್ಲಿ ಹಾಸ್ಟೆಲ್, ಪರೀಕ್ಷೆ, ಸೀನಿಯರ್‌ಗಳ ಬಗ್ಗೆ ಕೇಳಿದರೆ ಯಾವ ಪುಸ್ತಿಕೆಯಲ್ಲೂ ಇಲ್ಲದ ಉತ್ತರ ಸಿಗುತ್ತದೆ. ಸೇರಿದ ಮೇಲೆ ಕೊಳ್ಳಬೇಕಾದ್ದು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಭೂತಗನ್ನಡಿ, ಅಗಲ ಅಂಚಿನ ಟೋಪಿ, ಕೆಸರಿಗೆ ಆಗುವ ಗಮ್‌ಬೂಟು. ಬೂಟನ್ನು ಅರ್ಧ ಸೈಜು ದೊಡ್ಡದೇ ತೆಗೆದುಕೊಳ್ಳಿ. ಗದ್ದೆಯಲ್ಲಿ ಬಿಗಿಯಾದ ಬೂಟಿನಿಂದ ಕಾಲು ಎಳೆದು ತೆಗೆಯಲು ಇಬ್ಬರು ಬೇಕಾಗುತ್ತದೆ.